ಅಡಿಕೆ ತೋಟಕ್ಕೆ ಮಣ್ಣು ಪರೀಕ್ಷೆ ಮಾಡಿಸಲೇಬೇಕಾ?

ಪರ

ನಮ್ಮ ಮಣ್ಣು ಹುಳಿ ಅಂತ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಯಾರನ್ನು ಕೇಳಿದರೂ ಹೇಳುತ್ತಾರೆ. ಎಷ್ಟು ಹುಳಿ ಅಂತ ಕೇಳಿ ನೋಡಿ, ಉತ್ತರ ಇಲ್ಲ. ವರ್ಷಕ್ಕೆ 3000 ಮಿಲಿಮೀಟರ್ ದಾಟಿ ಮಳೆ ಸುರಿಯುವ ಜಾಗ ಇದು. ಮುರ (ಜಂಬಿಟ್ಟಿಗೆ) ಮಣ್ಣಿನ ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಷ್ ಎಲ್ಲ ನೀರಿನ ಜೊತೆ ಇಳಿದು ಹೋಗಿ, ಕಬ್ಬಿಣ, ಅಲ್ಯೂಮಿನಿಯಂ ಉಳಿಯುತ್ತವೆ. ನಾವು ಹಾಕಿದ ರಂಜಕವನ್ನು ಇವೆರಡು ಹಿಡಿದಿಟ್ಟುಕೊಳ್ಳುತ್ತವೆ. ದುಡ್ಡು ಕೊಟ್ಟು ತಂದ ಗೊಬ್ಬರ ಬುಡದಲ್ಲೇ ಬಿದ್ದಿರುತ್ತದೆ, ಬೇರಿಗೆ ಸಿಗುವುದಿಲ್ಲ. ಹುಳಿ ಅಳೆಯುವ ಅಂಕೆ ಪಿಎಚ್, ಅದು ಇಳಿದಷ್ಟೂ ಹುಳಿ ಜಾಸ್ತಿ. ಪಿಎಚ್ 5.5ಕ್ಕಿಂತ ಕೆಳಗಿದ್ದರೆ ಮೊದಲು ಬೇಕಾದದ್ದು ಸುಣ್ಣ, ಮೆಗ್ನೀಸಿಯಮ್ಮೂ ಕಡಿಮೆ ಇದ್ದರೆ ಮೆಗ್ನೀಸಿಯಂ ಇರುವ ಸುಣ್ಣದ ಕಲ್ಲಿನ ಪುಡಿ, ಅಂದರೆ ಡೋಲೋಮೈಟ್. ಇದನ್ನು ಕಣ್ಣಳತೆಯಲ್ಲಿ ಹೇಳುವುದು ಹೇಗೆ?

ಈಗ ನಡೆಯುತ್ತಿರುವುದು ಏನು ಅಂದರೆ, ಪಕ್ಕದ ತೋಟದವರು ಹಾಕಿದ್ದನ್ನೇ ನಾವೂ ತರುತ್ತೇವೆ, ನಳ್ಳಿ (ಎಳೆ ಅಡಿಕೆ) ಉದುರಿದರೆ ಇನ್ನಷ್ಟು ಸುರಿಯುತ್ತೇವೆ. ಕೊಳೆರೋಗಕ್ಕೆ ವರ್ಷ ವರ್ಷ ಮೈಲುತುತ್ತು, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಯುತ್ತೇವಲ್ಲ, ಆ ಮೈಲುತುತ್ತಿನ ತಾಮ್ರ ಎಲ್ಲಿ ಹೋಗುತ್ತದೆ ಅಂತ ಯೋಚಿಸಿದವರು ಕಡಿಮೆ. ಅದು ಮಣ್ಣಿನಲ್ಲೇ ಕೂರುತ್ತದೆ. ಅಜ್ಜನ ಕಾಲದಿಂದ ಮದ್ದು ಹೊಡೆದ ತೋಟದಲ್ಲಿ ಎಷ್ಟು ಸೇರಿದೆ ಅಂತ ಪರೀಕ್ಷೆಯಿಂದಷ್ಟೇ ಗೊತ್ತಾದೀತು.

ಕೆಲಸ ಕಷ್ಟದ್ದೇನಲ್ಲ. ಗೊಬ್ಬರ ಹಾಕಿ ಮೂರು ತಿಂಗಳಾದರೂ ಕಳೆದಿರಲಿ. ಮೇಲಿನ ಸೊಪ್ಪು ಸರಿಸಿ, ತೋಟದ ಹತ್ತಾರು ಕಡೆ ಬುಡದ ಹತ್ತಿರ ಒಂದಡಿ ಆಳದವರೆಗೆ ಗುಂಡಿ ಮಾಡಿ, ಗುಂಡಿಯ ಬದಿಯಿಂದ ಮೇಲಿಂದ ಕೆಳಗಿನ ತನಕ ಮಣ್ಣು ಕೆರೆದು ತೆಗೆಯಿರಿ. ಎಲ್ಲ ಬೆರೆಸಿ ಹರಡಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಬಿಸಾಡಿ. ಅರ್ಧ ಕಿಲೋ ಉಳಿಯುವವರೆಗೆ ಹೀಗೇ ಮಾಡಿ, ನೆರಳಲ್ಲಿ ಒಣಗಿಸಿ. ಗೊಬ್ಬರದ ಹಳೇ ಚೀಲದಲ್ಲಿ ಮಾತ್ರ ತುಂಬಿಸಬೇಡಿ, ಲೆಕ್ಕವೆಲ್ಲ ತಪ್ಪುತ್ತದೆ. ಒಂದು ಬೆಳಗ್ಗಿನ ಕೆಲಸ, ಅಷ್ಟೇ ಅಲ್ವಾ?

ವಿರೋಧ

ಪರೀಕ್ಷೆ ಸುಳ್ಳು ಅಂತ ನಾನು ಹೇಳುವುದಿಲ್ಲ. ‘ಮಾಡಿಸಲೇಬೇಕು’ ಅನ್ನುವುದನ್ನು ಮಾತ್ರ ಒಪ್ಪುವುದಿಲ್ಲ.

ಮಣ್ಣು ಪರೀಕ್ಷಿಸಿ ರೈತರಿಗೆ ವರದಿ ಕೊಡಲು ಕೇಂದ್ರ ಸರ್ಕಾರ 2015ರಲ್ಲಿ ಶುರು ಮಾಡಿದ ಮಣ್ಣು ಆರೋಗ್ಯ ಕಾರ್ಡಿನ ಲೆಕ್ಕ ನೋಡಿ. ನೀರಾವರಿ ಜಾಗದಲ್ಲಿ ಎರಡೂವರೆ ಹೆಕ್ಟೇರಿಗೆ ಒಂದು ಮಾದರಿ, ಮಳೆ ನಂಬಿದ ಜಾಗದಲ್ಲಿ 10 ಹೆಕ್ಟೇರಿಗೆ ಒಂದು. ಎರಡೂವರೆ ಹೆಕ್ಟೇರ್ ಅಂದರೆ ಆರು ಎಕರೆಗೂ ಜಾಸ್ತಿ. ನಮ್ಮ ಕಡೆ ಅಷ್ಟರೊಳಗೆ ಗುಡ್ಡದ ಬದಿ, ಬಯಲು, ತೋಡಿನ ಕರೆ ಎಲ್ಲ ಬರುತ್ತದೆ, ನಾಲ್ಕೈದು ಮನೆಯವರ ತೋಟವೂ ಬರುತ್ತದೆ. ಆ ಒಂದು ಚೀಲದ ಮಣ್ಣು ಯಾರ ತೋಟದ್ದು? ಕಾರ್ಡಿನಲ್ಲಿ 12 ಅಂಶ ಬರೆದಿರುತ್ತದೆ. ಅದು ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಇದ್ದರೆ ಕನ್ನಡ ಮಾತ್ರ ಓದಿದ ಹಿರಿಯರು ಏನು ಮಾಡಬೇಕು? ಓದಿ, ತೋಟಕ್ಕೆ ಬಂದು, ಅಡಿಕೆಯ ಜೊತೆ ಕಾಳುಮೆಣಸು, ಕೊಕ್ಕೋ, ಬಾಳೆ ಇರುವುದನ್ನೂ ನೋಡಿ ಹೇಳುವವರು ಬೇಕಲ್ಲ. ಅವರಿಲ್ಲದೆ ರೈತರಿಗೆ ಅರಿವಿಲ್ಲ ಅಂತ ಭಾಷಣ ಮಾಡುವುದು ನ್ಯಾಯವಲ್ಲ.

ಇನ್ನು ಅಡಿಕೆಗೆ ಸಾಮಾನ್ಯ ಶಿಫಾರಸು ಇದ್ದೇ ಇದೆ. ಮರವೊಂದಕ್ಕೆ ವರ್ಷಕ್ಕೆ ಸಾರಜನಕ 100 ಗ್ರಾಂ, ರಂಜಕ 40, ಪೊಟ್ಯಾಷ್ 140. ಜೊತೆಗೆ 12 ಕಿಲೋ ಹಸಿರು ಸೊಪ್ಪು, 12 ಕಿಲೋ ಕಾಂಪೋಸ್ಟ್. ಇಷ್ಟನ್ನು ಹಾಕಲಿಕ್ಕೇ ಆಗುತ್ತಿಲ್ಲ. ಸೊಪ್ಪಿನ ಗುಡ್ಡಗಳಿಗೆ ರಬ್ಬರ್ ಬಂತು, ದನದ ಹಟ್ಟಿಗಳು ಖಾಲಿಯಾದವು, ಬುಡ ಬಿಡಿಸಲು ಜನ ಸಿಗುವುದಿಲ್ಲ. ಸೊಪ್ಪೇ ಕಾಣದ ಬುಡಕ್ಕೆ ಬೋರಾನ್ ಎಷ್ಟು ಕಡಿಮೆ ಅಂತ ಕಾರ್ಡ್ ಹಿಡಿದು ಲೆಕ್ಕ ಹಾಕಿ ಏನು ಮಾಡುವುದು?

ಸೋಗೆ ಹಳದಿಯಾದ ಕೂಡಲೇ ಮಣ್ಣು ಕಳಿಸಿ ಅನ್ನುವವರೂ ಇದ್ದಾರೆ. ಹಳದಿ ಎಲೆ ರೋಗ ಫೈಟೋಪ್ಲಾಸ್ಮಾ ಅನ್ನುವ, ಬ್ಯಾಕ್ಟೀರಿಯಾದಂಥ ಸೂಕ್ಷ್ಮಜೀವಿಯಿಂದ ಬರುವುದು, ಕೀಟದಿಂದ ಹರಡುವುದು. ಅದನ್ನು ಮಣ್ಣಿನ ವರದಿ ಹೇಳುವುದಿಲ್ಲ, ಗೊಬ್ಬರ ವಾಸಿ ಮಾಡುವುದೂ ಇಲ್ಲ. ಅಲ್ಲಿಗೆ ಬೇಕಾದದ್ದು ಮರದ ಬುಡಕ್ಕೆ ಬಂದು ತಲೆ ಎತ್ತಿ ನೋಡುವ ಒಬ್ಬ ಅಧಿಕಾರಿ.