ಪ್ಲೇಟ್‌ಲೆಟ್ ಒಂದನ್ನೇ ನೋಡಿ ನಾಯಿಯ ಹಣೆಬರಹ ಬರೆಯಬೇಡಿ

ನಿನ್ನೆ ಸಂಜೆಯಿಂದ ಮನಸ್ಸು ಕುದಿಯುತ್ತಿದೆ. ಬರೆದು ಹಾಕದಿದ್ದರೆ ಇವತ್ತೂ ನಿದ್ದೆ ಬರಲ್ಲ.

ನಮ್ಮ ಟಾಮಿಗೆ ರೇಬಿಸ್ ಲಸಿಕೆ ಹಾಕಿಸಲು ಹೋಗಿದ್ದೆ. ಬೆಂಚಿನ ಮೇಲೆ ಆಟೋ ಓಡಿಸುವವರೊಬ್ಬರು ಖಾಕಿ ಅಂಗಿಯಲ್ಲೇ ಬಂದು ಕೂತಿದ್ದರು. ತೊಡೆ ಮೇಲೆ ಗೋಣಿಚೀಲ, ಅದರ ಮೇಲೆ ಕೆಂಚ. ನಾಟಿ ನಾಯಿ. ಮೂರು ವರ್ಷ ಇರಬಹುದು. ಪಕ್ಕದಲ್ಲಿ ಮಗಳು, ಯೂನಿಫಾರ್ಮಿನಲ್ಲೇ ಬಂದಿದ್ದಳು, ನಾಯಿಯ ಕಿವಿ ಹಿಡಿದುಕೊಂಡು.

"ಮೇಡಂ, ಆ ಇಂಜೆಕ್ಷನ್ ಕೊಟ್ಟರೆ ಅದಕ್ಕೆ ನೋವಾಗಲ್ವಂತೆ, ಹೌದಾ?"

ಯಾವ ಇಂಜೆಕ್ಷನ್ ಅಂತ ನನಗೆ ತಕ್ಷಣ ಹೊಳೆಯಲಿಲ್ಲ. ಹೊಳೆದಾಗ ಎದೆ ಧಸಕ್ ಎಂದಿತು. "ಯಾಕಣ್ಣ, ಏನಾಗಿದೆ?" ಎಂದೆ. "ಟಿಕ್ ಫೀವರ್. ಪ್ಲೇಟ್‌ಲೆಟ್ 14 ಸಾವಿರಕ್ಕೆ ಬಂದಿದೆ. ಇನ್ನು ಉಳಿಯಲ್ಲ, ಸುಮ್ನೆ ದುಡ್ಡು ದಂಡ ಅಂದರು." ಯಾರು ಅಂದರು ಎಂದು ಕೇಳಿದೆ. ರಿಪೋರ್ಟ್ ಕೊಟ್ಟ ಹುಡುಗ ಅಂದನಂತೆ. ವಾಟ್ಸಾಪಿನಲ್ಲಿ ನೋಡಿ ಭಾವಮೈದುನನೂ ಅಂದನಂತೆ. ಡಾಕ್ಟರ್ ಇನ್ನೂ ನೋಡಿರಲೇ ಇಲ್ಲ!

ರಿಪೋರ್ಟ್ ಇಸ್ಕೊಂಡೆ. ಪ್ಲೇಟ್‌ಲೆಟ್ ಸಾಲಿಗೆ ಕೆಂಪು ಪೆನ್ನಿನಲ್ಲಿ ಎರಡು ಸುತ್ತು ಹಾಕಿದ್ದರು. ಅದೇ ಹಾಳೆಯಲ್ಲಿ ಮೇಲೆ ಪಿಸಿವಿ, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು, ನೂರಕ್ಕೆ 27. ಬಿಳಿ ಕಣ ಸರಿ ಇದೆ. ಎರಡನೇ ಹಾಳೆಯಲ್ಲಿ ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್ ಸರಿ ಇದೆ. ಕೆಂಚನ ತುಟಿ ಎತ್ತಿ ನೋಡಿದೆ. ಒಸಡು ಬಿಳಿಚಿಕೊಂಡಿತ್ತು, ಆದರೆ ಸುಣ್ಣದ ಗೋಡೆಯಂತಿರಲಿಲ್ಲ. ಹುಡುಗಿ "ಕೆಂಚಾ" ಎಂದರೆ ಬಾಲ ಎರಡು ಸಲ ಗೋಣಿಗೆ ಬಡಿಯುತ್ತಿತ್ತು. ಈ ನಾಯಿಯನ್ನು ಇಂಜೆಕ್ಷನ್ ಕೊಟ್ಟು ಶಾಶ್ವತವಾಗಿ ಮಲಗಿಸಿಬಿಡೋದಾ? ಒಂದು ಸಂಖ್ಯೆ ನೋಡಿ?

ನಿಮಗೆಲ್ಲ ಗೊತ್ತೇ ಇದೆ, ಹನ್ನೊಂದು ವರ್ಷ ನಾನು ಲ್ಯಾಬಿನಲ್ಲಿ ಕೂತು ನಾಯಿಗಳ ರಕ್ತ ನೋಡಿದವಳು. ಅದಕ್ಕೇ ಇಷ್ಟು ಸಿಟ್ಟು.

ಉಣ್ಣಿ, ಅಂದರೆ ಟಿಕ್, ಕಚ್ಚಿ ಬರುವ ಕಾಯಿಲೆ ಒಂದಲ್ಲ. ನಮ್ಮ ಕಡೆ ಜಾಸ್ತಿ ಕಾಣೋದು ಎರಡು ಜಾತಿ. ಒಂದು ಬೆಬೀಸಿಯಾ, ಕೆಂಪು ರಕ್ತಕಣದ ಒಳಗೇ ಕೂತು ಅದನ್ನು ಒಡೆಯುವ ಪರಾವಲಂಬಿ. ಇನ್ನೊಂದು ಎರ್ಲಿಕಿಯಾ, ಅದು ಬ್ಯಾಕ್ಟೀರಿಯಾ, ಬಿಳಿ ಕಣದೊಳಗೆ ಸೇರಿಕೊಳ್ಳುತ್ತೆ. ಬೆಬೀಸಿಯಾದ ಗಿಬ್ಸೋನಿ ಅನ್ನೋ ಸಣ್ಣ ಜಾತಿಯನ್ನು ಮೊದಲು ಗುರುತಿಸಿದ್ದೇ ನಮ್ಮ ದೇಶದಲ್ಲಿ, 1910ರಲ್ಲಿ, ಮದ್ರಾಸಿನ ಬೇಟೆನಾಯಿಗಳ ರಕ್ತದಲ್ಲಿ. ಈ ಎರಡು ಕಾಯಿಲೆಯಲ್ಲೂ ಪ್ಲೇಟ್‌ಲೆಟ್ ಬೀಳುತ್ತೆ. ಹೆಚ್ಚುಕಮ್ಮಿ ಎಲ್ಲ ನಾಯಿಗೂ ಬೀಳುತ್ತೆ. ಬದುಕುವ ನಾಯಿಗೂ ಬೀಳುತ್ತೆ, ಸಾಯುವ ನಾಯಿಗೂ ಬೀಳುತ್ತೆ. ಎಲ್ಲರಿಗೂ ಬೀಳುವ ಸಂಖ್ಯೆ ಯಾರು ಉಳಿಯುತ್ತಾರೆ ಅಂತ ಹೇಗೆ ಹೇಳುತ್ತೆ? ಅದು ಕಾಯಿಲೆ ಇದೆ ಅನ್ನೋದಕ್ಕೆ ಗುರುತು, ಅಷ್ಟೇ. ಬೆಬೀಸಿಯಾದಲ್ಲಂತೂ ಪ್ಲೇಟ್‌ಲೆಟ್ ತೀರ ಇಳಿದರೂ ನಾಯಿಗೆ ರಕ್ತ ಸೋರೋದು ಅಪರೂಪ. ಮೂಗಿನಿಂದ ರಕ್ತ ಬರುತ್ತಿದ್ದರೆ, ಮಲ ಕಪ್ಪಗೆ ಹೋಗುತ್ತಿದ್ದರೆ ಅದು ಬೇರೆ ಮಾತು. ಆಗ ಓಡಬೇಕು.

ಈ ಪ್ಲೇಟ್‌ಲೆಟ್ ಭಯ ನಮಗೆ ಎಲ್ಲಿಂದ ಬಂತು ಅಂತ ರಾತ್ರಿಯೆಲ್ಲ ಯೋಚಿಸಿದೆ. ಡೆಂಗಿಯಿಂದ. ಪ್ರತಿ ಮಳೆಗಾಲ ಮನೆಮನೆಯಲ್ಲೂ ಅದೇ ಮಾತು. ಇವತ್ತು ಎಷ್ಟು, ನಿನ್ನೆ ಎಷ್ಟಿತ್ತು, ಪಪ್ಪಾಯಿ ಎಲೆ ರಸ ಕುಡಿಸಿದ್ರಾ, ಕಿವಿ ಹಣ್ಣು ಕೊಟ್ರಾ. ಆ ಭಯವನ್ನೇ ತಂದು ನಾಯಿಗೆ ಅಂಟಿಸಿದ್ದೇವೆ. ಕೆಂಚನಿಗೂ ಪಪ್ಪಾಯಿ ರಸ ಕುಡಿಸಿದ್ದರಂತೆ, ಪಾಪ, ಎರಡು ಸಲ ವಾಂತಿ ಮಾಡಿಕೊಂಡಿದೆ.

ಇನ್ನೊಂದು ವಿಷಯ. ಆ 14 ಸಾವಿರ ನಿಜವಾಗಿ 14 ಸಾವಿರವೇ ಅಂತ ಯಾರು ನೋಡಿದರು? ನಾಯಿ ಒದ್ದಾಡುವಾಗ, ಸೂಜಿ ಎರಡು ಸಲ ಚುಚ್ಚಿ ಎಳೆದ ರಕ್ತದಲ್ಲಿ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಂಡು ಗಂಟಾಗುತ್ತವೆ. ಮಷಿನ್ ಆ ಗಂಟನ್ನು ಲೆಕ್ಕಕ್ಕೇ ತಗೊಳ್ಳಲ್ಲ. ಅದಕ್ಕೆ ಗಾಜಿನ ಸ್ಲೈಡಿನ ಮೇಲೆ ರಕ್ತವನ್ನು ತೆಳ್ಳಗೆ ಎಳೆದು (ಇದೇ ಸ್ಮಿಯರ್), ಬಣ್ಣ ಹಾಕಿ, ಸ್ಮಿಯರಿನ ತುದಿಯನ್ನು ಕಣ್ಣಾರೆ ನೋಡಬೇಕು. ತೆಳುವಾದ ಜಾಗಕ್ಕೆ ಬಂದು ನೂರರ ಎಣ್ಣೆ ಲೆನ್ಸಿನಲ್ಲಿ ಎಣಿಸಬೇಕು. ಲೆನ್ಸಿನಲ್ಲಿ ಒಮ್ಮೆಗೆ ಕಾಣುವ ಒಂದು ವೃತ್ತಕ್ಕೆ ಒಂದು ಪ್ಲೇಟ್‌ಲೆಟ್ ಕಂಡರೆ ಸುಮಾರು 15 ಸಾವಿರ ಅಂತ ಲೆಕ್ಕ. ತುದಿಯಲ್ಲಿ ನೇರಳೆ ಬಣ್ಣದ ಗುಪ್ಪೆಗಳು ಸಾಲಾಗಿ ಕೂತಿರೋದನ್ನು ನಾನೇ ಎಷ್ಟು ಸಲ ನೋಡಿಲ್ಲ! ಮಷಿನ್ 20 ಸಾವಿರ ಅಂದದ್ದು ಸ್ಲೈಡಿನಲ್ಲಿ ಲಕ್ಷ ದಾಟಿರುತ್ತಿತ್ತು.

ಹಾಗಾದರೆ ಉಳಿಯುತ್ತೋ ಇಲ್ಲವೋ ಅಂತ ಹೇಳುವ ಗುರುತೇ ಇಲ್ವಾ? ಇದೆ. ದಕ್ಷಿಣ ಆಫ್ರಿಕಾದ ಆಂಡರ್‌ಸ್ಟೆಪೂರ್ಟ್ ಪಶುವೈದ್ಯ ಆಸ್ಪತ್ರೆಯವರು ಇದನ್ನೇ ಹಿಡಿದು ಕೂತರು. ಅವರಲ್ಲಿರೋದು ರೊಸ್ಸಿ ಅನ್ನೋ ಬೆಬೀಸಿಯಾ, ಎಲ್ಲಕ್ಕಿಂತ ಕ್ರೂರ. 2004ರಲ್ಲಿ ಅವರು ಎರಡು ವಿಷಯ ತೋರಿಸಿದರು. ಬಂದ ಹೊತ್ತಿಗೆ ರಕ್ತದಲ್ಲಿ ಸಕ್ಕರೆ ಕುಸಿದಿದ್ದ ನಾಯಿಗಳು, ಲ್ಯಾಕ್ಟೇಟ್ ಏರಿದ್ದ ನಾಯಿಗಳು ಜಾಸ್ತಿ ಸತ್ತವು. ಲ್ಯಾಕ್ಟೇಟ್ ಅಂದರೆ ಅಂಗಾಂಗಕ್ಕೆ ಆಮ್ಲಜನಕ ಸಾಲದೆ ಬಂದಾಗ ರಕ್ತದಲ್ಲಿ ಸೇರಿಕೊಳ್ಳುವ ಆಮ್ಲ. ಅದಕ್ಕಿಂತ ಮುಖ್ಯವಾದದ್ದು, ಚಿಕಿತ್ಸೆ ಶುರುವಾದ ಮೇಲೂ ಅದು ಇಳಿಯದಿದ್ದರೆ ಅಪಾಯ. 2007ರಲ್ಲಿ ಕಾರ್ಟಿಸಾಲ್ ಅನ್ನೋ ಹಾರ್ಮೋನ್ ಜಾಸ್ತಿ, ಥೈರಾಕ್ಸಿನ್ ಅನ್ನೋ ಹಾರ್ಮೋನ್ ಕಮ್ಮಿ ಇದ್ದವು ಉಳಿಯೋದು ಕಷ್ಟ ಅಂತ ಕಂಡುಕೊಂಡರು. ಉರಿಯೂತ ಇದ್ದಾಗ ರಕ್ತದಲ್ಲಿ ಏರುವ ಸಿಆರ್‌ಪಿ ಅನ್ನೋ ಪ್ರೋಟೀನ್ ನೋಡಿದರು, ಅದು ಎಲ್ಲ ನಾಯಿಗೂ ಏರಿತ್ತು, ಸತ್ತದ್ದಕ್ಕೂ ಬದುಕಿದ್ದಕ್ಕೂ ಫರಕು ಕಾಣಲಿಲ್ಲ. ಎರ್ಲಿಕಿಯಾಗೆ ಇಸ್ರೇಲಿನವರು 2008ರಲ್ಲಿ ಇಂಥದ್ದೇ ಕೆಲಸ ಮಾಡಿದರು. ಸಾವನ್ನು ಖಚಿತವಾಗಿ ತೋರಿಸಿದ್ದು ಬಿಳಿ ಕಣ ಸಾವಿರಕ್ಕಿಂತ ಕೆಳಗೆ ಬಿದ್ದದ್ದು, ಪಿಸಿವಿ 11.5ಕ್ಕಿಂತ ಇಳಿದದ್ದು, ರಕ್ತ ಹೆಪ್ಪುಗಟ್ಟಲು ಜಾಸ್ತಿ ಹೊತ್ತು ಹಿಡಿದದ್ದು, ಪೊಟ್ಯಾಸಿಯಂ ತಗ್ಗಿದ್ದು. ಪ್ಲೇಟ್‌ಲೆಟ್ 89,500ಕ್ಕಿಂತ ಮೇಲಿದ್ದರೆ ನಾಯಿ ಉಳಿಯಿತು, ನಿಜ. ಆದರೆ ಇಷ್ಟಕ್ಕಿಂತ ಇಳಿದರೆ ಸಾಯುತ್ತೆ ಅಂತ ಪ್ಲೇಟ್‌ಲೆಟ್‌ಗೆ ಅವರು ಗೆರೆ ಎಳೆಯಲಿಲ್ಲ. ಆಫ್ರಿಕಾದ ಲೆಕ್ಕವನ್ನು ಹಾಗೇ ತಂದು ನಮ್ಮ ಗಿಬ್ಸೋನಿಗೆ ಹಚ್ಚೋಕಾಗಲ್ಲ, ಒಪ್ಪುತ್ತೇನೆ. ಆದರೆ ಒಂದೇ ಸಾಲು ನೋಡಬೇಡಿ ಅನ್ನೋದು ಎಲ್ಲ ಕಡೆಗೂ ಸಲ್ಲುವ ಮಾತು.

"ಬಡವರ ಹತ್ರ ಇಷ್ಟೆಲ್ಲ ಟೆಸ್ಟಿಗೆ ದುಡ್ಡೆಲ್ಲಿದೆ?" ಎಂದು ಗೆಳತಿಯೊಬ್ಬಳು ಫೋನಿನಲ್ಲಿ ಕೇಳಿದಳು. ದುಡ್ಡಿಲ್ಲ ಅನ್ನೋದು ನಿಜ. ಆದರೆ ದಿನ ಬಿಟ್ಟು ದಿನ ಪ್ಲೇಟ್‌ಲೆಟ್ ಎಣಿಸೋಕೆ ಅದೇ ಬಡವರು ಕೊಡುತ್ತಿಲ್ವಾ? ಪಿಸಿವಿಗೆ ಬೇಕಾದ್ದು ದಾರದಷ್ಟು ಸಣ್ಣ ಗಾಜಿನ ಕೊಳವೆ, ತಿರುಗಿಸುವ ಯಂತ್ರ, ಐದು ನಿಮಿಷ. ಸಕ್ಕರೆಗೆ ಅಜ್ಜನ ಗ್ಲೂಕೋಮೀಟರ್, ಒಂದು ಹನಿ ರಕ್ತ. ಮನುಷ್ಯರ ಮೀಟರ್ ನಾಯಿಗೆ ಸ್ವಲ್ಪ ಹೆಚ್ಚುಕಮ್ಮಿ ತೋರಿಸುತ್ತೆ, ರಕ್ತ ತೆಳುವಾಗಿದ್ದರೆ ಇದ್ದದ್ದಕ್ಕಿಂತ ಜಾಸ್ತಿ ತೋರಿಸುತ್ತೆ. ಆದರೂ ಕುಸಿದು ಬಿದ್ದ ಮರಿಯ ಸಕ್ಕರೆ 40 ಅಂತ ಬಂದರೆ ಕೂಡಲೇ ಡ್ರಿಪ್ಪಿಗೆ ಗ್ಲೂಕೋಸ್ ಹಾಕಬೇಕು ಅಂತಾದರೂ ಗೊತ್ತಾಗುತ್ತೆ. ಒಸಡು ನೋಡೋಕೆ ದುಡ್ಡೇ ಬೇಡ.

ಒಂದು ಮಾತು ಇಲ್ಲಿವರೆಗೆ ಯಾರಿಗೂ ಪೂರ್ತಿ ಹೇಳಿಲ್ಲ. ನಮ್ಮ ಚಿನ್ನು ಹೋದದ್ದು ಇದೇ ಕಾಯಿಲೆಯಲ್ಲಿ. ಆಗ ನಾನು ಲ್ಯಾಬಿಗೆ ಸೇರಿ ಎರಡು ವರ್ಷವಷ್ಟೇ. ಮೊದಲ ದಿನ ಪ್ಲೇಟ್‌ಲೆಟ್ 38 ಸಾವಿರ. ನಾಲ್ಕನೇ ದಿನ 71 ಸಾವಿರ. ಮನೆಯವರಿಗೆಲ್ಲ ಫೋನ್ ಮಾಡಿ ಗೆದ್ದೆವು ಎಂದೆ. ಅದೇ ಹಾಳೆಯಲ್ಲಿ ಪಿಸಿವಿ 24ರಿಂದ 16ಕ್ಕೆ ಇಳಿದಿತ್ತು. ನಾನು ನೋಡಲಿಲ್ಲ. ಬೆಳಿಗ್ಗೆ ಅಂಗಳದಲ್ಲಿ ಅದರ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣದಲ್ಲಿ ಹರಿದಿತ್ತು. ನೀರು ಕಮ್ಮಿ ಕುಡಿದಿದೆ ಅಂದುಕೊಂಡು ಬಕೆಟ್ ನೀರು ಸುರಿದು ತೊಳೆದೆ. ಒಡೆದ ರಕ್ತ ಅದು. ಐದನೇ ದಿನ ರಾತ್ರಿ ನನ್ನ ಕಾಲ ಮೇಲೆ ತಲೆ ಇಟ್ಟೇ ಹೋಯಿತು. ಒಂದು ಸಂಖ್ಯೆ ಏರಿತು ಅಂತ ನಾನು ನಕ್ಕ ದಿನ ರಕ್ತ ಕೊಡಿಸಿದ್ದರೆ ಉಳಿಯುತ್ತಿತ್ತೇನೋ.

ಕೆಂಚನ ಸುದ್ದಿ ಕೇಳ್ತೀರಾ? ಡಾಕ್ಟರ್ ಒಳಗೆ ಕರೆದು ಇಡೀ ರಿಪೋರ್ಟ್ ನೋಡಿದರು, ಸ್ಲೈಡ್ ಮಾಡಿಸಿದರು. ಕೆಂಪು ಕಣದೊಳಗೆ ಸಣ್ಣ ಸಣ್ಣ ಉಂಗುರ. ನಾನೂ ಕಣ್ಣಿಟ್ಟು ನೋಡಿ ಬಂದೆ. ಔಷಧಿ ಶುರುವಾಗಿದೆ. ಇವತ್ತು ಮಧ್ಯಾಹ್ನ ಆ ಅಣ್ಣ ಫೋನ್ ಮಾಡಿದ್ದರು. ಎರಡು ತುತ್ತು ಮೊಸರನ್ನ ನೆಕ್ಕಿದೆಯಂತೆ. ಹುಡುಗಿ ಫೋನ್ ಕಿತ್ತುಕೊಂಡು, "ಆಂಟಿ, ನಾಳೆ ಪಿಸಿವಿ ಎಷ್ಟಿರಬೇಕು?" ಎಂದು ಕೇಳಿದಳು. 27ರಿಂದ ಕೆಳಗೆ ಇಳಿಯದಿದ್ದರೆ ಸಾಕು ಪುಟ್ಟಿ ಎಂದೆ. ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳಂತೆ. ನಾಳೆ ಹತ್ತು ಗಂಟೆಗೆ ನಾನೂ ಹೋಗುತ್ತಿದ್ದೇನೆ.