ದಡ ತಪ್ಪಿದ ರೈಲು, ಸೀಟು ನೆನೆಸಿದ ಬಾಟಲಿ

ಫ್ರಾಂಕ್‌ಫರ್ಟಿನಲ್ಲಿ ನಾಲ್ಕು ವರ್ಷದಿಂದ ಇದ್ದೀನಿ, ರೈನ್ ಕಣಿವೆ ನನಗೆ ಹಿತ್ತಲಿದ್ದ ಹಾಗೆ ಅಂತ ಅಮ್ಮನ ಮುಂದೆ ಕೊಚ್ಚಿಕೊಂಡಿದ್ದೆ. ಅದಕ್ಕೇ 2025ರ ಅಕ್ಟೋಬರಿನಲ್ಲಿ ಊರಿಂದ ಬಂದ ಅವರನ್ನು ಬಾಖರಾಖ್ ಎಂಬ ಹಳೇ ಊರು ತೋರಿಸಲು ಹೊರಡಿಸಿದೆ.

ಅಲ್ಲಿ ನದಿಯ ಎರಡೂ ದಡದಲ್ಲಿ ರೈಲು ಓಡುತ್ತದೆ. ನಾನು ಹತ್ತಿಸಿದ್ದು ಬಲದಂಡೆಯದ್ದು. ರೂಡೆಸ್‌ಹೈಮ್ ದಾಟಿತು. ಗೋಡೆಯ ಹಾಗೆ ನೆಟ್ಟಗಿರುವ ಗುಡ್ಡದಲ್ಲೂ ಬಿಡದೆ ದ್ರಾಕ್ಷಿ ಬೆಳೆದಿದ್ದಾರೆ, ಇದು ರೀಸ್ಲಿಂಗ್, ವೈಟ್ ವೈನಿಗೆ ಅಂತೆಲ್ಲ ನಾನು ಗೈಡಿನ ಹಾಗೆ ಒದರುತ್ತಿದ್ದೆ. ಅಷ್ಟರಲ್ಲಿ ಅಮ್ಮ ಆಚೆ ದಡ ತೋರಿಸಿ "ಆ ಊರು ಎಷ್ಟು ಚೆನ್ನಾಗಿದೆ ನೋಡೋ" ಅಂದರು. ನೋಡಿದೆ. ಅದೇ ಬಾಖರಾಖ್.

ಮುಂದಿನ ಕೌಬ್‌ನಲ್ಲಿ ಗಡಿಬಿಡಿಯಿಂದ ಇಳಿದೆವು. ನದಿಯ ಮಧ್ಯೆ ಹಡಗು ನಿಂತ ಹಾಗೆ ಒಂದು ಕೋಟೆ, ಹಿಂದಿನ ಕಾಲದಲ್ಲಿ ದೋಣಿಗಳಿಂದ ಸುಂಕ ವಸೂಲಿ ಮಾಡುತ್ತಿದ್ದ ಜಾಗ. "ಸೇತುವೆ ದಾಟಿದ್ರೆ ಆಯ್ತಮ್ಮ" ಅಂದೆ. ಸೇತುವೆ ಎಲ್ಲಿದೆ? ಮೈಂಟ್ಸ್ ಬಿಟ್ಟರೆ ಕೋಬ್ಲೆನ್ಸ್, ಮಧ್ಯೆ ಸುಮಾರು 80 ಕಿಲೋಮೀಟರ್ ಒಂದೂ ಇಲ್ಲ! ಕಾರು, ಸೈಕಲ್ಲು, ಮನುಷ್ಯರು ಎಲ್ಲರಿಗೂ ಲಾಂಚೇ ಗತಿ. 2002ರಲ್ಲಿ ಈ ಕಣಿವೆ ಯುನೆಸ್ಕೋ ಪಟ್ಟಿ ಸೇರಿದೆ, ಸೇತುವೆ ಕಟ್ಟಬೇಕೋ ಬೇಡವೋ ಅಂತ ಇವರಿನ್ನೂ ಜಗ್ಗಾಡುತ್ತಿದ್ದಾರೆ ಅಂತ ವಿವರಿಸಿದೆ. "ಸಿಗಂದೂರಿಗೇ ಸೇತುವೆ ಆಯ್ತು, ಜರ್ಮನ್ನರಿಗೇನೋ ಬಂದಿದೆ?" ಅಂದರು ಅಮ್ಮ.

ಲಾಂಚ್ ಇಳಿದು ಮೂರು ಕಿಲೋಮೀಟರ್ ನಡಿಗೆ. ಅಮ್ಮನ ಮೌನವೇ ಭಾರವಾಗಿತ್ತು. ಊರೇನೋ ಚೆಂದ ಬಿಡಿ, ಮರದ ಚೌಕಟ್ಟಿನ ವಾಲಿಕೊಂಡ ಮನೆಗಳು, ಮೇಲೊಂದು ಕೋಟೆ, ಅದರಲ್ಲೀಗ ಯೂತ್ ಹಾಸ್ಟೆಲ್. ಅಲ್ಲೇ ಒಂದು ಅಂಗಡಿಯಲ್ಲಿ ಫೆಡರ್‌ವೈಸರ್ ಸಿಕ್ಕಿತು. ಸುಗ್ಗಿ ಕಾಲದಲ್ಲಿ ಮಾತ್ರ ಬರುವ, ಇನ್ನೂ ಹುಳಿಯುತ್ತಲೇ ಇರುವ ಎಳೇ ವೈನು. ಗ್ಯಾಸ್ ಹೊರಗೆ ಹೋಗಲಿ ಅಂತ ಮುಚ್ಚಳ ಬಿಗಿ ಹಾಕುವುದಿಲ್ಲ. ಇದು ನನಗೆ ಗೊತ್ತಾಗಿದ್ದು ಆಮೇಲೆ. ಅಮ್ಮ ಕೇಳಿದ್ದಕ್ಕೆ "ಸುಮ್ನೆ ದ್ರಾಕ್ಷಿ ರಸ, ನೀರಾ ಇದ್ದಂಗೆ" ಅಂದು ಬ್ಯಾಗಿನಲ್ಲಿ ಮಲಗಿಸಿದೆ.

ವಾಪಸ್ ರೈಲು ಸರಿಯಾದ ದಡದ್ದೇ. ಬಿಂಗನ್ ಬರುವಷ್ಟರಲ್ಲಿ ನಮ್ಮ ಸೀಟಿನಿಂದ ಹುಳಿ ಹುಳಿ ವಾಸನೆ. ಬ್ಯಾಗು ತೊಟ್ಟಿಕ್ಕುತ್ತಿತ್ತು. ಅಮ್ಮನ ಶಾಲು, ಡಬ್ಬಿಯಲ್ಲಿದ್ದ ಚಕ್ಕುಲಿ, ಎರಡು ಸೀಟು, ಎಲ್ಲ ತೊಪ್ಪೆ. ಎದುರಿಗಿದ್ದ ಅಜ್ಜಿ ಮಾತಾಡದೆ ಒಂದು ಟಿಶ್ಯೂ ಪ್ಯಾಕೆಟ್ಟು ಕೊಟ್ಟರು. ನಾವಿಬ್ಬರೂ ಎದ್ದು ನಿಂತೆವು.

ಅಮ್ಮ ಬಾಟಲಿ ಎತ್ತಿ ಕನ್ನಡಕ ಸರಿಮಾಡಿಕೊಂಡರು. ಲೇಬಲ್ಲಿನಲ್ಲಿ "ನಿಲ್ಲಿಸಿ ಇಡಿ" ಅಂತ ಜರ್ಮನ್‌ನಲ್ಲಿ ಬರೆದಿತ್ತು, ಅದರ ಮೊದಲ ಪದವನ್ನು ಇಂಗ್ಲಿಷಿನ ಹಾಗೆ ಅಕ್ಷರ ಕೂಡಿಸಿ ಓದಿದರು. "ಸ್ಟೆ... ಹೆಂಡ್. ಹೆಂಡ ಅಂತ ಇಷ್ಟು ದಪ್ಪಕ್ಕೆ ಬರೆದಿದ್ದಾರಲ್ಲೋ, ನಾಲ್ಕು ವರ್ಷ ಇಲ್ಲಿದ್ದು ಇದೂ ಓದೋಕೆ ಬರಲ್ವಾ?"