ಕಂಕುಳಿನ ಗ್ರಂಥಿಗಳ ಬಗ್ಗೆಯೂ ಬರೆಯಿರಿ
ಸ್ತನ ಕ್ಯಾನ್ಸರ್ ಆಪರೇಷನ್‌ಗೂ ಅದರ ಹೊಸ ಉಪಕರಣಗಳ ಸಂಶೋಧನೆಗೂ ದುಡಿದ ವೈದ್ಯರ ಕುರಿತ ನಿಮ್ಮ ಲೇಖನ ಓದಿ ತುಂಬಾ ಖುಷಿಯಾಯಿತು. ಒಂದು ಮಾತು ಸೇರಿಸುತ್ತೇನೆ. ಮುಳಬಾಗಿಲು ಕಡೆಯ ನಮ್ಮ ದೊಡ್ಡಮ್ಮನಿಗೆ ಸ್ತನ ಕ್ಯಾನ್ಸರ್ ಆಪರೇಷನ್‌ನಲ್ಲಿ ಕಂಕುಳಿನ ಗ್ರಂಥಿಗಳನ್ನೆಲ್ಲಾ (ಲಿಂಫ್ ನೋಡ್) ತೆಗೆದಿದ್ದರು. ಆಮೇಲೆ ಕೈ ಊದಿಕೊಂಡು ಹಾಲು ಕರೆಯುವುದೇ ಕಷ್ಟವಾಯಿತು. ಈಗ ನೀಲಿ ಬಣ್ಣವನ್ನೋ, ವಿಶೇಷ ಕ್ಯಾಮೆರಾದಲ್ಲಿ ಹೊಳೆಯುವ ಐಸಿಜಿ ದ್ರವವನ್ನೋ ಸ್ತನಕ್ಕೆ ಚುಚ್ಚಿ, ಕ್ಯಾನ್ಸರ್ ಮೊದಲು ತಲುಪಬಹುದಾದ ಒಂದೆರಡು ಗ್ರಂಥಿಗಳನ್ನು ಗುರುತಿಸಿ, ಅವನ್ನು ಮಾತ್ರ ತೆಗೆದು ನೋಡುತ್ತಾರೆ. ಅಲ್ಲಿ ಕ್ಯಾನ್ಸರ್ ಇಲ್ಲದಿದ್ದರೆ ಸಾಮಾನ್ಯವಾಗಿ ಉಳಿದವನ್ನು ಮುಟ್ಟುವುದಿಲ್ಲ. ಕೈ ಊತದ ಅಪಾಯ ಎಷ್ಟೋ ಕಡಿಮೆ.

ಇನ್ನೊಂದು ವಿಷಯ. ಶುರುವಿನ ಹಂತದಲ್ಲಿ ಇಡೀ ಸ್ತನ ತೆಗೆಯದೆ ಗಡ್ಡೆ ಮಾತ್ರ ತೆಗೆದು ರೇಡಿಯೇಷನ್ ಕೊಟ್ಟರೂ ಆಯಸ್ಸು ಕಡಿಮೆಯಾಗಲ್ಲ ಎಂದು ಇಟಲಿಯ ವೈದ್ಯ ವೆರೊನೇಸಿ, ಅಮೆರಿಕದ ವೈದ್ಯ ಫಿಶರ್ 2002ರಲ್ಲಿ 20 ವರ್ಷಗಳ ಫಲಿತಾಂಶದಿಂದ ತೋರಿಸಿದರು. ಕೋಲಾರದ ಹಳ್ಳಿಗಳಲ್ಲಿ ಎದೆಯೇ ಹೋಗುತ್ತೆ ಅಂತ ಹೆದರಿ ಗಂಟು ಮುಚ್ಚಿಡುವವರು ಇನ್ನೂ ಇದ್ದಾರೆ. ಆಶಾ ಕಾರ್ಯಕರ್ತೆಯರ ಮೂಲಕವಾದರೂ ಇದು ಅವರಿಗೆ ಮುಟ್ಟಬೇಕು, ಅಲ್ವಾ?